ಮನೆಯಲ್ಲೇ ಡೇ ಕೇರ್ ಶುರು ಮಾಡಿ ಎರಡು ತಿಂಗಳಾಯಿತು, ಬಂದಿರುವುದು ಒಂದೇ ಮಗು. ಜನಕ್ಕೆ ತಿಳಿಸುವುದು ಹೇಗೆ?

ಬಟವಾಡಿ ಟೀಚರ್:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ತುಮಕೂರಿನ ಬಟವಾಡಿ ಕಡೆ. ಆರು ವರ್ಷ ಒಂದು ಖಾಸಗಿ ಶಾಲೆಯಲ್ಲಿ ನರ್ಸರಿ ಮಕ್ಕಳಿಗೆ ಟೀಚರ್ ಆಗಿದ್ದೆ, ಎರಡನೇ ಮಗು ಆದಮೇಲೆ ಬಿಟ್ಟೆ. ಈ ಯುಗಾದಿ ಮುಗಿಸಿಕೊಂಡು ಮನೆಯ ಕೆಳಗಿನ ಭಾಗದಲ್ಲಿ ಡೇ ಕೇರ್ ಶುರು ಮಾಡಿದ್ದೇನೆ. ಒಂದು ಹಾಲ್, ಒಂದು ರೂಮು, ಮುಂದೆ ಸ್ವಲ್ಪ ಅಂಗಳ, ಅಂಗಳದಲ್ಲಿ ಒಂದು ಸೀಬೆ ಮರ. ನಾನು, ಜೊತೆಗೆ ಸಹಾಯಕ್ಕೆ ನಮ್ಮ ಚಿಕ್ಕಮ್ಮ.

ಬಂದಿರುವುದು ಒಂದೇ ಮಗು. ಅದೂ ಪಕ್ಕದ ಮನೆಯದು, ಅರ್ಧ ಫೀಸಿಗೆ.

ಏನೇನು ಮಾಡಿದೆ ಅಂತ ಹೇಳಿಬಿಡುತ್ತೇನೆ, ಆಮೇಲೆ ಬೈಯಿರಿ. 2000 ಪಾಂಪ್ಲೆಟ್ ಮಾಡಿಸಿ ಪೇಪರಿನ ಒಳಗೆ ಇಡಿಸಿದೆ. ಐದು ಫೋನ್ ಬಂದವು. ಮೂರು ಜನ ಟ್ಯೂಷನ್ ಮಾಡುತ್ತೀರಾ ಅಂದರು, ಒಬ್ಬರು ಆಯಾ ಕೆಲಸ ಖಾಲಿ ಇದೆಯಾ ಅಂದರು, ಇನ್ನೊಬ್ಬರು ಫೀಸು ಕೇಳಿ ‘ಮನೆಯಲ್ಲಿ ಮಾತಾಡಿ ಹೇಳುತ್ತೇನೆ’ ಅಂದವರು ಇನ್ನೂ ಮಾತಾಡುತ್ತಲೇ ಇದ್ದಾರೆ. ಬಿ.ಎಚ್. ರಸ್ತೆಗೆ ತಿರುಗುವ ಮೂಲೆಯಲ್ಲಿ ಕಂಬಕ್ಕೆ ಒಂದು ಫ್ಲೆಕ್ಸ್ ಕಟ್ಟಿಸಿದ್ದೆ, ನಾಲ್ಕನೇ ದಿನ ಹೋಗಿ ನೋಡಿದರೆ ದಾರ ಮಾತ್ರ ಇತ್ತು. ವಾಟ್ಸಾಪ್ ಸ್ಟೇಟಸ್ ದಿನಾ ಹಾಕುತ್ತೇನೆ, ನೋಡುವವರೆಲ್ಲ ನಮ್ಮ ನೆಂಟರೇ. ‘ಚೆನ್ನಾಗಿದೆ ಕಣೇ’ ಅಂತಾರೆ, ಮುಗಿಯಿತು.

ನಮ್ಮ ಯಜಮಾನರು ಏನೂ ಅನ್ನುವುದಿಲ್ಲ, ಆದರೆ ಮೊನ್ನೆ ಊಟಕ್ಕೆ ಕೂತಾಗ ‘ಆ ಮ್ಯಾಟು, ಆಟದ ಸಾಮಾನು ವಾಪಸ್ ತಗೋತಾರಾ’ ಅಂತ ಕೇಳಿದರು. ತಮಾಷೆಗೆ ಕೇಳಿದ್ದೇ ಇರಬಹುದು. ನನಗೆ ಆಮೇಲೆ ತುತ್ತು ಇಳಿಯಲಿಲ್ಲ.

ನನ್ನ ಪ್ರಶ್ನೆಗಳು ಇಷ್ಟು. ಇನ್‌ಸ್ಟಾಗ್ರಾಂನಲ್ಲಿ ದುಡ್ಡು ಕೊಟ್ಟು ಜಾಹೀರಾತು ಹಾಕಿದರೆ ತುಮಕೂರಿನಂಥ ಊರಲ್ಲಿ ಉಪಯೋಗ ಇದೆಯಾ? ಫೀಸು ಇಳಿಸಬೇಕಾ? ಈಗ ದಿನಪೂರ್ತಿಗೆ ತಿಂಗಳಿಗೆ 5000 ಅಂತ ಇಟ್ಟಿದ್ದೇನೆ, ಬೆಳಿಗ್ಗೆ 9ರಿಂದ ಸಂಜೆ 6. ಮತ್ತೆ ಫೀಸನ್ನ ಪಾಂಪ್ಲೆಟ್‌ನಲ್ಲೇ ಹಾಕುವುದು ಒಳ್ಳೆಯದಾ, ಬೇಡವಾ? ನಿಮ್ಮಲ್ಲಿ ಯಾರಾದರೂ ಡೇ ಕೇರ್ ನಡೆಸುತ್ತಿದ್ದರೆ, ಅಥವಾ ಮಗುವನ್ನ ಬಿಡುತ್ತಿದ್ದರೆ, ದಯವಿಟ್ಟು ನೇರವಾಗಿ ಹೇಳಿ.

ರೈಲಿನವಳು:

ಅಕ್ಕಾ, ನಾನು ಮಗುವನ್ನ ಬಿಡುವ ಪೈಕಿ. ತುಮಕೂರಿನಿಂದ ಬೆಂಗಳೂರಿಗೆ ದಿನಾ ರೈಲಲ್ಲಿ ಹೋಗಿ ಬರುತ್ತೇನೆ, ನಾಲ್ಕು ವರ್ಷ ಆಯಿತು. ಮಗಳಿಗೆ ಈಗ ಎರಡೂವರೆ.

ಮೊದಲನೆಯ ಮಾತು, ನಿಮ್ಮ ಟೈಮು ಸರಿ ಇಲ್ಲ. 9ರಿಂದ 6 ಅಂದರೆ ಯಾರಿಗೆ? ಬೆಂಗಳೂರಿಗೆ ಹೋಗುವವರು ಏಳಕ್ಕೆಲ್ಲ ಮನೆ ಬಿಟ್ಟಿರುತ್ತಾರೆ, ಸಂಜೆ ಆರಕ್ಕೆ ಯಶವಂತಪುರದಲ್ಲೇ ನಿಂತಿರುತ್ತಾರೆ. ನಾನು ಡೇ ಕೇರ್ ಹುಡುಕುವಾಗ ಎಲ್ಲರಿಗೂ ಮೊದಲು ಕೇಳಿದ್ದು ಒಂದೇ, ‘ಗಾಡಿ ಲೇಟಾದರೆ ಏನು ಮಾಡುತ್ತೀರಿ?’ ಯಾವುದೋ ಎಕ್ಸ್‌ಪ್ರೆಸ್ ಬಿಡಬೇಕು ಅಂತ ನಮ್ಮ ಪ್ಯಾಸೆಂಜರನ್ನ ಹಿರೇಹಳ್ಳಿ ಹತ್ತಿರ ನಿಲ್ಲಿಸಿಬಿಟ್ಟರೆ, ಊರು ಇಲ್ಲೇ ಇದೆ, ಕ್ಯಾತ್ಸಂದ್ರ ಆದಮೇಲೆ ನಮ್ಮ ಸ್ಟೇಷನ್ನೇ, ಆದರೂ ಇಳಿದು ಓಡುವ ಹಾಗಿಲ್ಲ. ಆ ಇಪ್ಪತ್ತು ನಿಮಿಷದಲ್ಲಿ ತಾಯಿಗೆ ಏನಾಗುತ್ತದೆ ಅಂತ ಕೂತವರಿಗೇ ಗೊತ್ತು. ಮೂರು ಕಡೆಯವರು ‘ಆರರ ಮೇಲೆ ಅರ್ಧ ಗಂಟೆಗೆ ಇಷ್ಟು ಎಕ್ಸ್‌ಟ್ರಾ’ ಅಂದರು. ನಾಲ್ಕನೆಯವರು ಮಾತ್ರ ‘ಲೇಟಾದರೆ ನಮ್ಮನೆ ಅಡುಗೆಮನೆಯಲ್ಲಿ ಕೂತಿರುತ್ತಾಳೆ, ನಮ್ಮ ಜೊತೆ ಚಪಾತಿ ತಿಂತಾಳೆ, ನೀವು ನಿಧಾನ ಬನ್ನಿ’ ಅಂದರು. ಅಲ್ಲೇ ಬಿಟ್ಟೆ. ಫೀಸು ಅವರದ್ದೇ ಜಾಸ್ತಿ ಇತ್ತು.

ಎರಡನೆಯದು. ನೀವು ಅಮ್ಮಂದಿರಿಗೆ ಜಾಹೀರಾತು ಮಾಡುತ್ತಿದ್ದೀರಿ. ನಮ್ಮಂಥ ಊರಲ್ಲಿ ಮಗುವನ್ನ ಎಲ್ಲಿ ಬಿಡಬೇಕು ಅಂತ ತೀರ್ಮಾನ ಮಾಡುವುದು ಅಮ್ಮ ಒಬ್ಬಳೇ ಅಲ್ಲ, ಅತ್ತೆ. ನಮ್ಮತ್ತೆ ಊರಲ್ಲಿ ಇರುತ್ತಾರೆ, ತೋಟ ಬಿಟ್ಟು ಬರಲು ಆಗುವುದಿಲ್ಲ. ಆದರೂ ‘ಕೂಸನ್ನ ಕಂಡೋರ ಮನೇಲಿ ಬಿಡ್ತೀಯಾ’ ಅಂತ ಒಂದು ತಿಂಗಳು ಮಾತು ಬಿಟ್ಟಿದ್ದರು. ಈ ನಾಲ್ಕನೆಯ ಆಂಟಿ ಏನು ಮಾಡಿದರು ಗೊತ್ತಾ, ‘ನಿಮ್ಮತ್ತೆಯವರನ್ನ ಒಂದು ದಿನ ಕರಕೊಂಡು ಬನ್ನಿ, ಬೆಳಿಗ್ಗೆಯಿಂದ ಇರಲಿ’ ಅಂದರು. ಅತ್ತೆ ಬಂದರು. ಮೂಗು ಮುರಿದುಕೊಂಡೇ ಕೂತರು. ಮಧ್ಯಾಹ್ನ ರಾಗಿ ಸರಿ ಗಂಟಾಗಿದೆ ಅಂತ ತಾವೇ ಎದ್ದು ಒಲೆ ಮುಂದೆ ನಿಂತು ತಿರುವಿಕೊಟ್ಟರಂತೆ. ಸಂಜೆ ಮನೆಗೆ ಬಂದು ‘ಪರವಾಗಿಲ್ಲ’ ಅಂದರು. ನಮ್ಮತ್ತೆ ಬಾಯಲ್ಲಿ ಪರವಾಗಿಲ್ಲ ಅಂದರೆ ಫಸ್ಟ್ ಕ್ಲಾಸ್ ಅಂತ.

ಅದಕ್ಕಿಂತ ಮುಂಚೆ ಒಂದು ಕಡೆ ಮೂರು ವಾರ ಬಿಟ್ಟಿದ್ದೆ, ಹೆಸರು ಬೇಡ. ಚಂದದ ಬೋರ್ಡು, ಗೋಡೆ ತುಂಬ ಕಾರ್ಟೂನ್. ಬೆಳಿಗ್ಗೆ ಹಾಕಿ ಕಳಿಸಿದ ಡೈಪರ್‌ನಲ್ಲೇ ಸಂಜೆ ಮಗು ವಾಪಸ್ ಬರುತ್ತಿತ್ತು. ನನಗೆ ಅನುಮಾನ ಬಂದು ಒಂದು ದಿನ ಡೈಪರ್ ಪಟ್ಟಿ ಮೇಲೆ ಪೆನ್ನಿನಲ್ಲಿ ಸಣ್ಣ ಚುಕ್ಕಿ ಇಟ್ಟೆ. ಸಂಜೆ ಚುಕ್ಕಿ ಅಲ್ಲೇ ಇತ್ತು. ಇದನ್ನ ಯಾಕೆ ಹೇಳುತ್ತಿದ್ದೇನೆ ಅಂದರೆ, ನಿಮ್ಮ ಹತ್ತಿರ ಬರುವ ತಾಯಿ ಇಂಥದ್ದೇನಾದರೂ ಒಂದು ನೋಡಿಯೋ ಕೇಳಿಯೋ ಬಂದಿರುತ್ತಾಳೆ. ಅವಳಿಗೆ ಕಾರ್ಟೂನ್ ಗೋಡೆ ತೋರಿಸಬೇಡಿ, ಬಚ್ಚಲುಮನೆ ತೋರಿಸಿ.

ಮಸಿ ಕೈ:

ನಾನು ಪ್ರಿಂಟಿಂಗ್ ಕೆಲಸದವನು, ಇದೇ ಊರು. ಪಾಂಪ್ಲೆಟ್ ಮಾಡಿಕೊಡುವುದೇ ನನ್ನ ಹೊಟ್ಟೆಪಾಡು, ಆದರೂ ಹೇಳುತ್ತೇನೆ, 2000 ಮಾಡಿಸಿದ್ದು ದಂಡ.

ಪೇಪರಿನ ಒಳಗೆ ಇಟ್ಟ ಚೀಟಿ ಏನಾಗುತ್ತದೆ ನೋಡಿ. ಬೆಳಗಿನ ಜಾವ ಹುಡುಗರು ರಸ್ತೆ ಬದಿ ಕೂತು ಒಂದೊಂದಾಗಿ ತುರುಕುತ್ತಾರೆ. ಒಂದೇ ದಿನ ಬಟ್ಟೆ ಅಂಗಡಿಯದು, ಸೈಟಿನದು, ಕೋಚಿಂಗ್ ಸೆಂಟರಿನದು, ನಿಮ್ಮದು, ನಾಲ್ಕೂ ಸೇರಿರುತ್ತವೆ. ಮನೆಯಲ್ಲಿ ಪೇಪರ್ ಕೊಡವಿದರೆ ನಾಲ್ಕೂ ಕೆಳಗೆ. ಮಧ್ಯಾಹ್ನಕ್ಕೆ ಅದರ ಮೇಲೆ ಯಾರೋ ಕೊತ್ತಂಬರಿ ಸೊಪ್ಪು ಸೋಸುತ್ತಿರುತ್ತಾರೆ.

ಆದರೆ ಮೇಲೆ ರೈಲಿನ ಮೇಡಂ ಹೇಳಿದ್ದು ಓದಿ ಒಂದು ಹೊಳೆಯಿತು. ಈಗ ಪೇಪರ್ ಕೂತು ಓದುವವರು ಯಾರು? ಅಜ್ಜಂದಿರು, ರಿಟೈರ್ ಆದವರು. ಮೊಮ್ಮಗುವನ್ನ ನೋಡಿಕೊಂಡು ಸೊಂಟ ಹಿಡಿದಿರುವವರು ಅವರೇ. ಪಾಂಪ್ಲೆಟ್ ಮಾಡಿಸುವುದೇ ಆದರೆ ಅವರಿಗೆ ಬರೆಯಿರಿ. ‘ಮೊಮ್ಮಗುವನ್ನ ಮಧ್ಯಾಹ್ನದ ಹೊತ್ತು ಎರಡು ಗಂಟೆ ನಮ್ಮಲ್ಲಿ ಬಿಡಿ, ನೀವು ಸ್ವಲ್ಪ ಮಲಗಿ’ ಅಂತ ದಪ್ಪ ಅಕ್ಷರದಲ್ಲಿ ಹಾಕಿ ನೋಡಿ. ಅಕ್ಷರ ಮಾತ್ರ ದೊಡ್ಡದಿರಲಿ, ಕನ್ನಡಕ ಹುಡುಕುವ ಹಾಗೆ ಆಗಬಾರದು.

ನಿಮ್ಮದು ನಾನು ನೋಡಿಲ್ಲ, ಆದರೆ ಇಂಥವುಗಳಲ್ಲಿ ಸಾಮಾನ್ಯವಾಗಿ ಏನಿರುತ್ತದೆ ಗೊತ್ತು. ಇಂಟರ್ನೆಟ್ಟಿನಿಂದ ಇಳಿಸಿದ ನೀಲಿ ಕಣ್ಣಿನ ಮಗು, ಕೆಳಗೆ ಎಂಟು ಬಣ್ಣ, ಮೇಲೆ ಇಂಗ್ಲಿಷ್ ಹೆಸರು. ಡೇ ಕೇರ್ ಅಂತ ಎಲ್ಲೋ ಮೂಲೆಯಲ್ಲಿ. ಅದಕ್ಕೇ ಟ್ಯೂಷನ್ ಅಂದುಕೊಂಡು ಫೋನ್ ಮಾಡುತ್ತಾರೆ. ‘ಮನೆಯಲ್ಲೇ ಮಕ್ಕಳನ್ನ ನೋಡಿಕೊಳ್ಳುತ್ತೇವೆ, 6 ತಿಂಗಳಿನಿಂದ 6 ವರ್ಷದವರೆಗೆ, ಬೆಳಿಗ್ಗೆ ಇಷ್ಟರಿಂದ ರಾತ್ರಿ ಇಷ್ಟರವರೆಗೆ’ ಅಂತ ಮೊದಲ ಸಾಲಿನಲ್ಲೇ ಇರಬೇಕು. ನಿಮ್ಮ ಅಂಗಳದ್ದೇ ಫೋಟೋ ಹಾಕಿ, ಆ ಸೀಬೆ ಮರ ಸಮೇತ.

ಕಂಬಕ್ಕೆ ಫ್ಲೆಕ್ಸ್ ಕಟ್ಟುವುದು ಬಿಟ್ಟುಬಿಡಿ. ಸಾರ್ವಜನಿಕ ಜಾಗ ಅಂದಗೆಡಿಸಬಾರದು ಅಂತ 1981ರಿಂದಲೂ ಕಾನೂನಿದೆ, ಅನುಮತಿ ಇಲ್ಲದೆ ಕಟ್ಟಿದರೆ ಬಿಚ್ಚುತ್ತಾರೆ, ಕೇಸೂ ಆಗಬಹುದು. ನಿಮ್ಮ ಗೇಟಿಗೆ ಒಂದು ಒಳ್ಳೆ ಬೋರ್ಡು ಸಾಕು, ರಾತ್ರಿ ಕಾಣುವ ಹಾಗೆ ಮೇಲೊಂದು ಬಲ್ಬು. ಬೋರ್ಡಿಗೆ ಪಾಲಿಕೆಯಲ್ಲಿ ಏನು ಕೇಳುತ್ತಾರೆ ಅಂತ ಒಮ್ಮೆ ವಿಚಾರಿಸಿಕೊಳ್ಳಿ.

ಹಳೇ ಕಾಲದವ:

ಹಿಂದೆ ಎಂಟು ಹತ್ತು ಮಕ್ಕಳನ್ನ ಮನೆಯಲ್ಲೇ ಸಾಕುತ್ತಿದ್ದರು. ಈಗ ಒಂದು ಮಗುವಿಗೆ ಡೇ ಕೇರ್. ಅಂಗನವಾಡಿ ಪುಕ್ಕಟೆ ಇದೆ, ಸರ್ಕಾರ ಕೂಸಿನ ಮನೆ ಅಂತಲೂ ಮಾಡಿದೆ. ದುಡ್ಡು ಕೊಟ್ಟು ಯಾರು ಬಿಡುತ್ತಾರೆ?

ರೈಲಿನವಳು:

ಸರ್, ಆ ಎಂಟು ಹತ್ತು ಮಕ್ಕಳನ್ನ ಸಾಕಿದ್ದು ಮನೆಯ ಹೆಂಗಸರು, ಸಂಬಳ ಇಲ್ಲದೆ. ಅಂಗನವಾಡಿಗೆ ಸೇರಿಸಿಕೊಳ್ಳುವುದು 3 ವರ್ಷ ಆದಮೇಲೆ, ಸಂಜೆವರೆಗೂ ಇಟ್ಟುಕೊಳ್ಳುವುದಿಲ್ಲ. ಕೂಸಿನ ಮನೆ ಇರುವುದು ಗ್ರಾಮ ಪಂಚಾಯಿತಿಗಳಲ್ಲಿ, ನರೇಗಾ ಕೆಲಸಕ್ಕೆ ಹೋಗುವವರ ಮಕ್ಕಳಿಗೆ ಅಂತ ಶುರುವಾದದ್ದು. ಬಟವಾಡಿಯಲ್ಲಿ ಎಲ್ಲಿಂದ ತರೋಣ?

ಕೋಲಾರದ ಆಂಟಿ:

ನೋಡಮ್ಮಾ, ನಾನು ಕೋಲಾರದಲ್ಲಿ ಒಂಬತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಮೊದಲ ನಾಲ್ಕು ತಿಂಗಳು ನನಗೂ ಎರಡೇ ಮಕ್ಕಳು, ಅದರಲ್ಲಿ ಒಂದು ನನ್ನದು. ಹಾಗಾಗಿ ಎರಡು ತಿಂಗಳಿಗೇ ಮ್ಯಾಟು ವಾಪಸ್ ಕೊಡಬೇಡಿ.

ಫೀಸಿನ ಮಾತು ಮೊದಲು ಹೇಳಿಬಿಡುತ್ತೇನೆ. ಇಳಿಸಬೇಡಿ. ಪಕ್ಕದ ಮನೆಯವರಿಗೆ ಅರ್ಧಕ್ಕೆ ಒಪ್ಪಿಕೊಂಡಿರಲ್ಲ, ಅದೇ ಈಗ ನಿಮ್ಮ ರೇಟು. ಬೀದಿಯಲ್ಲಿ ಎಲ್ಲರಿಗೂ ಗೊತ್ತಿರುತ್ತದೆ. ನಾನೂ ಹಾಗೇ ಮಾಡಿ, ಆಮೇಲೆ ಬಂದವರೆಲ್ಲ ‘ಅವರಿಗೆ ಮಾತ್ರ ಕಡಿಮೆ ಯಾಕೆ’ ಅಂತ ಜಗಳಕ್ಕೆ ನಿಂತರು. ಅವರಿಗೆ ಮುಂದಿನ ತಿಂಗಳಿಂದ ಇಷ್ಟು ಅಂತ ಈಗಲೇ ನಯವಾಗಿ ಹೇಳಿಡಿ. ಹೊಸಬರಿಗೆ ರಿಯಾಯಿತಿ ಕೊಡಲೇಬೇಕು ಅನ್ನಿಸಿದರೆ ಮೊದಲ ಮೂರು ದಿನ ಪುಕ್ಕಟೆ ಇಡಿ, ತಾಯಿ ಜೊತೆಗೆ ಕೂತಿರಲಿ. ಮೊದಲ ದಿನ ಒಂದು ಗಂಟೆ, ಎರಡನೇ ದಿನ ಎರಡು ಗಂಟೆ, ಮೂರನೇ ದಿನ ತಾಯಿ ಬಾಗಿಲಾಚೆ. ಮಗು ಒಗ್ಗುತ್ತದೆ, ತಾಯಿಯೂ ಒಗ್ಗುತ್ತಾಳೆ. ತಾಯಿ ಒಗ್ಗುವುದೇ ಕಷ್ಟ.

ಪಾಂಪ್ಲೆಟ್‌ನಲ್ಲಿ ಫೀಸು ಹಾಕಬೇಡಿ, ಫೋನಲ್ಲಿ ಕೇಳಿದರೆ ಮಾತ್ರ ಒಂದೇ ಉಸಿರಿಗೆ ಹೇಳಿಬಿಡಿ. ‘ಬನ್ನಿ ಮಾತಾಡೋಣ’ ಅಂತ ಎಳೆದರೆ ಜನಕ್ಕೆ ಅನುಮಾನ ಬರುತ್ತದೆ.

ಈಗ ಮುಖ್ಯವಾದದ್ದು. ನೀವು ಕೂಸುಗಳ ಮೇಲೆ ಮಾತ್ರ ಕಣ್ಣಿಟ್ಟಿದ್ದೀರಿ ಅನ್ನಿಸುತ್ತದೆ. ಈಗ ಶಾಲೆ ಶುರುವಾಗುವ ಹೊತ್ತು. ನರ್ಸರಿ, ಎಲ್‌ಕೆಜಿ, ಯುಕೆಜಿ ಮಕ್ಕಳನ್ನ ಮಧ್ಯಾಹ್ನಕ್ಕೆಲ್ಲ ಬಿಟ್ಟುಬಿಡುತ್ತಾರೆ. ಅಪ್ಪ ಅಮ್ಮ ಬರುವುದು ಆರು ಏಳಕ್ಕೆ. ಆ ಐದಾರು ಗಂಟೆ ಮಗು ಎಲ್ಲಿರಬೇಕು? ನನ್ನ ಹದಿನಾಲ್ಕು ಮಕ್ಕಳಲ್ಲಿ ಒಂಬತ್ತು ಇಂಥವೇ. ಇವರನ್ನ ತಂದುಕೊಟ್ಟವರು ಯಾರು ಅಂತೀರಿ? ಸ್ಕೂಲ್ ಆಟೋದ ಅಣ್ಣಂದಿರು. ಯಾವ ಮನೆಯಲ್ಲಿ ಅಜ್ಜಿ ಊರಿಗೆ ಹೋದರು, ಯಾವ ಮಗುವನ್ನ ಇಳಿಸುವಾಗ ಬಾಗಿಲು ತೆಗೆಯಲು ಯಾರೂ ಇರುವುದಿಲ್ಲ, ಯಾರ ಮನೆಯ ಕೆಲಸದವಳು ಬಿಟ್ಟಳು, ಎಲ್ಲಾ ಅವರಿಗೆ ಗೊತ್ತು. ಬಾಗಿಲು ಹಾಕಿದ್ದರೆ ಮಗುವನ್ನ ಆಟೋದಲ್ಲೇ ಕೂರಿಸಿಕೊಂಡು ಸುತ್ತುವವರು ಅವರೇ ಅಲ್ವಾ. ನಾನು ಮೊದಲ ವರ್ಷ ಒಬ್ಬ ಡ್ರೈವರಿಗೆ ಹೇಳಿದ್ದೆ, ‘ಅಣ್ಣಾ, ಯಾವ ಮನೆ ಬಾಗಿಲು ಹಾಕಿದ್ದರೂ ಮಗುವನ್ನ ನಮ್ಮ ಮನೆಗೆ ತಂದು ಬಿಡಿ, ಅಪ್ಪ ಅಮ್ಮನಿಗೆ ಫೋನ್ ಮಾಡಿ ಹೇಳಿ, ದುಡ್ಡೇನೂ ಬೇಡ’ ಅಂತ. ಹಾಗೆ ಒಂದು ದಿನ ಬಂದ ಮಗು ಮೂರು ವರ್ಷ ಇತ್ತು. ಅಪ್ಪ ಅಮ್ಮ ಒಪ್ಪದೆ ಮಾತ್ರ ಯಾವ ಮಗುವನ್ನೂ ಒಳಗೆ ತಗೋಬೇಡಿ, ಇದು ನೆನಪಿರಲಿ.

ಇನ್ನು ಸಣ್ಣ ಕೂಸುಗಳು. ಕೆಲಸಕ್ಕೆ ಹೋಗುವ ತಾಯಿಗೆ ಹೆರಿಗೆ ರಜೆ 26 ವಾರ, ಅಂದರೆ ಆರು ತಿಂಗಳು. ಅವಳಿಗೆ ಚಿಂತೆ ಶುರುವಾಗುವುದು ಮೂರೂವರೆ ನಾಲ್ಕನೇ ತಿಂಗಳಲ್ಲಿ. ಮಗುವಿಗೆ 6, 10, 14 ವಾರಕ್ಕೆ ಲಸಿಕೆ ಇರುತ್ತದಲ್ಲ, ಆ 14ನೇ ವಾರದ ಲಸಿಕೆಗೆ ಬಂದ ತಾಯಿ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿರುತ್ತಾಳೆ. ನಿಮ್ಮ ಹತ್ತಿರದ ಮಕ್ಕಳ ಡಾಕ್ಟರ ಕ್ಲಿನಿಕ್‌ಗೆ ಹೋಗಿ ಸುಮ್ನೆ ಕಾರ್ಡು ಇಟ್ಟು ಬರಬೇಡಿ, ಕಸದ ಬುಟ್ಟಿಗೆ ಹೋಗುತ್ತದೆ. ನಿಮ್ಮ ಮಕ್ಕಳನ್ನ ತೋರಿಸುವ ಡಾಕ್ಟರಿಗೇ ಒಂದು ದಿನ ಬಿಡುವಿದ್ದಾಗ ಹೇಳಿ, ‘ಡಾಕ್ಟ್ರೇ, ಹೀಗೆ ಶುರು ಮಾಡಿದ್ದೇನೆ, ಅಲ್ಲಿ ಜ್ವರ ಬಂದರೆ ಮೊದಲು ನಿಮಗೇ ಫೋನ್ ಮಾಡಲಾ’ ಅಂತ ಕೇಳಿ. ಅವರು ಹೂಂ ಅಂದರೆ, ಬಂದ ತಾಯಿಗೆ ನೀವು ಹೇಳುವ ಮೊದಲ ಮಾತೇ ಅದು.

ಸ್ಟೇಟಸ್ ವಿಷಯ. ದಿನಾ ಹಾಕುತ್ತೇನೆ ಅಂದಿರಿ. ಮಕ್ಕಳ ಮುಖ ಕಾಣುವ ಫೋಟೋ ಇದ್ದರೆ ಇವತ್ತೇ ತೆಗೆಯಿರಿ. ಕೆಲವರಿಗೆ ದೃಷ್ಟಿ ತಾಗುತ್ತದೆ ಅಂತ, ಅದು ಬಿಡಿ. ನನ್ನದು ಬೇರೆ ಕಥೆ. ಒಂದು ಮಗುವಿನ ಅಪ್ಪ ಅಮ್ಮ ಬೇರೆ ಇದ್ದರು, ಕೇಸು ನಡೆಯುತ್ತಿತ್ತು, ನನಗೆ ಗೊತ್ತಿರಲಿಲ್ಲ. ನಾನು ಹಾಕಿದ ಸ್ಟೇಟಸ್ ಯಾರ ಕೈಯಿಂದ ಯಾರಿಗೋ ಹೋಗಿ, ಒಂದು ಮಧ್ಯಾಹ್ನ ಆ ಅಪ್ಪ ಗೇಟಿನ ಮುಂದೆ ನಿಂತಿದ್ದರು. ಬೈಯಲಿಲ್ಲ, ಕೂಗಲಿಲ್ಲ, ‘ಒಂದೇ ಸಲ ನೋಡಿ ಹೋಗ್ತೀನಿ’ ಅಂತ ಕೇಳಿದರು. ನಾನು ಬಾಗಿಲು ತೆಗೆಯಲಿಲ್ಲ. ಸರಿಯೋ ತಪ್ಪೋ ಇವತ್ತಿಗೂ ಗೊತ್ತಿಲ್ಲ. ಅವತ್ತಿನಿಂದ ಸೇರಿಸುವಾಗಲೇ ಕರೆದುಕೊಂಡು ಹೋಗುವವರ ಹೆಸರು, ಫೋಟೋ, ಸಹಿ ಬರೆಸಿಕೊಳ್ಳುತ್ತೇನೆ. ಫೋಟೋ ಆಯಾ ತಾಯಿಯ ನಂಬರಿಗೆ ಮಾತ್ರ. ಸ್ಟೇಟಸ್‌ಗೆ ಬೇಕಾದರೆ ಅವತ್ತಿನ ಅಡುಗೆ ಹಾಕಿ, ಒಣಗಲು ಹಾಕಿದ ಪುಟ್ಟ ಪುಟ್ಟ ಬಟ್ಟೆ ಹಾಕಿ, ಮಕ್ಕಳ ಕೈ ಮಾತ್ರ ಕಾಣುವ ಹಾಗೆ ಬಣ್ಣ ಹಚ್ಚಿದ್ದು ಹಾಕಿ.

ಎಷ್ಟು ಮಕ್ಕಳನ್ನ ತಗೋತೀರಿ ಅಂತ ಮೊದಲೇ ನಿರ್ಧಾರ ಮಾಡಿ. ಕೇಂದ್ರ ಸರ್ಕಾರ 2018ರಲ್ಲಿ ಹೊರಡಿಸಿದ ಮಾರ್ಗಸೂಚಿ ಪ್ರಕಾರ 3 ವರ್ಷದೊಳಗಿನ 10 ಮಕ್ಕಳಿಗೆ ಒಬ್ಬರು ನೋಡಿಕೊಳ್ಳುವವರು, 3 ದಾಟಿದ್ದರೆ 20ಕ್ಕೆ ಒಬ್ಬರು. ಹೇಳುವುದಕ್ಕೆ ಸುಲಭ. ಹತ್ತು ಕೂಸು ಒಬ್ಬಳ ಕೈಯಲ್ಲಿ ಆಗುವುದಿಲ್ಲ ತಾಯಿ, ನಾನು ನಾಲ್ಕಕ್ಕೆ ಒಬ್ಬರನ್ನ ಇಟ್ಟಿದ್ದೇನೆ. ‘ನಾನು ಆರು ಮಕ್ಕಳಿಗಿಂತ ಜಾಸ್ತಿ ತಗೋಳಲ್ಲ’ ಅಂತ ನೀವು ಹೇಳಿದರೆ, ಜಾಹೀರಾತಿಗೆ ಅದಕ್ಕಿಂತ ಒಳ್ಳೆ ಸಾಲು ಸಿಗುವುದಿಲ್ಲ.

ಕೋಡು ಮೂಡಿದ ಎಂಜಿನಿಯರ್:

ಆಂಟಿ ಹೇಳಿದ ಮೇಲೆ ಹೇಳುವುದಕ್ಕೆ ಜಾಸ್ತಿ ಉಳಿದಿಲ್ಲ. ಕಂಪ್ಯೂಟರ್ ಕಡೆಯದು ಮಾತ್ರ ಹೇಳುತ್ತೇನೆ.

ಇನ್‌ಸ್ಟಾಗ್ರಾಂ ಜಾಹೀರಾತಿಗೆ ಈಗ ದುಡ್ಡು ಹಾಕಬೇಡಿ. ಗೂಗಲ್ ಮ್ಯಾಪ್‌ನಲ್ಲಿ ನಿಮ್ಮ ಜಾಗ ಸೇರಿಸಿ, ಅದು ಪುಕ್ಕಟೆ. ಈ ಊರಿಗೆ ಹೊಸದಾಗಿ ಬಾಡಿಗೆಗೆ ಬಂದವರಿಗೆ, ಬ್ಯಾಂಕಿನಲ್ಲಿ ಟ್ರಾನ್ಸ್‌ಫರ್ ಆಗಿ ಬಂದವರಿಗೆ, ಎಚ್‌ಎಎಲ್‌ಗೆ ಬಂದವರಿಗೆ, ಕಾಲೇಜಿಗೆ ಸೇರಿದ ಲೆಕ್ಚರರ್‌ಗಳಿಗೆ ಇಲ್ಲಿ ಅತ್ತೆಯೂ ಇಲ್ಲ, ಆಟೋ ಅಣ್ಣನೂ ಗೊತ್ತಿಲ್ಲ. ಅವರು ಮೊದಲು ಮಾಡುವುದು ‘ಡೇ ಕೇರ್ ನಿಯರ್ ಮಿ’ ಅಂತ ಹುಡುಕುವುದು. ಹಾಗಾಗಿ ಮ್ಯಾಪ್‌ನಲ್ಲಿ ಹೆಸರಿನ ಜೊತೆ ವಿಭಾಗ ಡೇ ಕೇರ್ ಅಂತಲೇ ಆರಿಸಿ, ಟ್ಯೂಷನ್ ಅಂತ ಅಲ್ಲ. ಟೈಮು ಸರಿಯಾಗಿ ಹಾಕಿ, ಭಾನುವಾರ ರಜೆ ಇದ್ದರೆ ಅದನ್ನೂ ಹಾಕಿ. ನಿಜವಾಗಿ ಮಗು ಬಿಟ್ಟವರ ಹತ್ತಿರ ಮಾತ್ರ ರಿವ್ಯೂ ಬರೆಸಿ. ನೆಂಟರ ಹತ್ತಿರ ಹತ್ತು ಐದು ಸ್ಟಾರ್ ಬರೆಸಿದರೆ ಓದುವವರಿಗೆ ತಕ್ಷಣ ಗೊತ್ತಾಗುತ್ತದೆ, ಎಲ್ಲರ ಅಡ್ಡಹೆಸರೂ ಒಂದೇ ಇರುತ್ತದೆ.

ಇನ್ನೊಂದು, ಸಹಾಯಕ್ಕೆ ಹೊರಗಿನವರನ್ನ ಇಟ್ಟುಕೊಂಡರೆ ಸೇವಾ ಸಿಂಧು ಮೂಲಕ ಪೊಲೀಸ್ ವೆರಿಫಿಕೇಷನ್ ಮಾಡಿಸಿ, ಆ ಕಾಗದ ಕೇಳಿದವರಿಗೆ ತೋರಿಸಿ. ಬೆಂಗಳೂರಿನಿಂದ ಬಂದವರು ಇದನ್ನ ಕೇಳೇ ಕೇಳುತ್ತಾರೆ.

ಎರಡನೇ ಶಿಫ್ಟು:

ನಾನು ವಸಂತನರಸಾಪುರದಲ್ಲಿ ಒಂದು ಫ್ಯಾಕ್ಟರಿಯ ಎಚ್‌ಆರ್ ವಿಭಾಗದಲ್ಲಿ ಇದ್ದೇನೆ. ಯಾವ ಫ್ಯಾಕ್ಟರಿ ಅಂತ ಕೇಳಬೇಡಿ.

50 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಮಕ್ಕಳನ್ನ ನೋಡಿಕೊಳ್ಳುವ ವ್ಯವಸ್ಥೆ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನ ನೋಡಿ ಬರಬಹುದು ಅಂತ 2017ರಲ್ಲೇ ಬಂದಿದೆ. ಕಾಗದದ ಮೇಲೆ ಎಲ್ಲಾ ಕಡೆ ಇರುತ್ತದೆ, ರೂಮಿಗೆ ಬೀಗ ಇರುತ್ತದೆ, ಒಳಗೆ ಹಳೇ ಕುರ್ಚಿ ಇರುತ್ತದೆ. ಅದು ನನ್ನ ಸಂಕಟ, ಬಿಡಿ. ನಿಮಗೆ ಹೇಳಬೇಕಾದದ್ದು, ಫ್ಯಾಕ್ಟರಿ ಜೊತೆ ಒಪ್ಪಂದ ಮಾಡಿಕೊಳ್ಳಿ ಅಂತ ಯಾರಾದರೂ ಸಲಹೆ ಕೊಟ್ಟರೆ ದೂರ ನೋಡಿಕೊಂಡು ಹೊರಡಿ. ನಮ್ಮದು ಸಿರಾ ಗೇಟ್ ದಾಟಿ ಆ ಕಡೆ, ನಿಮ್ಮ ಬಟವಾಡಿ ಊರಿನ ಈ ಕಡೆ. ಮಗುವನ್ನ ನಿಮ್ಮಲ್ಲಿ ಬಿಟ್ಟು ನಮ್ಮಲ್ಲಿಗೆ ಬಂದ ತಾಯಿ ಹಾಲು ಕುಡಿಸಲು ಹೇಗೆ ಹೋಗಿ ಬರುತ್ತಾಳೆ? ನಿಮಗೆ ಹತ್ತಿರ ಅಂದರೆ ಕ್ಯಾತ್ಸಂದ್ರ, ಹಿರೇಹಳ್ಳಿ ಕಡೆಯ ಕೆಲಸಗಳು, ಮತ್ತೆ ಅಕ್ಕಪಕ್ಕದ ಆಸ್ಪತ್ರೆಗಳ ನರ್ಸುಗಳು. ನರ್ಸುಗಳಿಗೆ ಶಿಫ್ಟು ಬದಲಾಗುತ್ತಿರುತ್ತದೆ. ತಿಂಗಳ ಲೆಕ್ಕದ ಬದಲು ದಿನದ ಲೆಕ್ಕದಲ್ಲಿ ತಗೊಂಡರೆ ಒಬ್ಬರು ಹತ್ತು ಜನಕ್ಕೆ ಹೇಳುತ್ತಾರೆ, ಡ್ಯೂಟಿ ರೂಮಿನಲ್ಲಿ ಸುದ್ದಿ ಬೇಗ ಹರಡುತ್ತದೆ.

ಇನ್ನೊಂದು ನೇರ ಮಾತು. ನಮ್ಮಲ್ಲಿ ಲೈನಿನಲ್ಲಿ ಕೆಲಸ ಮಾಡುವ ಹೆಣ್ಣುಮಗಳಿಗೆ 5000 ಕೊಡಲು ಆಗುವುದಿಲ್ಲ. ಅವಳು ಬಸ್ಸಿನ ದುಡ್ಡು ಉಳಿದದ್ದಕ್ಕೇ ಕೆಲಸಕ್ಕೆ ಬರುತ್ತಿದ್ದಾಳೆ. ಹಾಗಾಗಿ ಎಲ್ಲರಿಗೂ ಹೇಳುತ್ತಾ ಹೋಗುವ ಬದಲು, ಯಾರಿಗೆ ಆಗುತ್ತದೆ ಅಂತ ನೋಡಿಕೊಂಡು ಅವರಿಗೆ ಹೇಳಿ.

ಬಟವಾಡಿ ಟೀಚರ್:

ಐದು ವಾರ ಆದಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ. ಪುರುಸೊತ್ತು ಆಗಲಿಲ್ಲ, ಅದೇ ಖುಷಿ.

ಮೊದಲು ಸ್ಟೇಟಸ್ ಎಲ್ಲಾ ತೆಗೆದೆ. ಆಂಟಿ, ನಿಮ್ಮ ಗೇಟಿನ ಕಥೆ ಓದಿ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಟೈಮು ಬೆಳಿಗ್ಗೆ 7ರಿಂದ ರಾತ್ರಿ 8 ಮಾಡಿದೆ, ಚಿಕ್ಕಮ್ಮ ಬೆಳಗಿನ ಹೊತ್ತು, ನಾನು ಸಂಜೆ. ಇನ್‌ಸ್ಟಾಗ್ರಾಂ ಕೈಬಿಟ್ಟೆ. ಮ್ಯಾಪ್‌ಗೆ ಸೇರಿಸಿದೆ, ವಿಡಿಯೋ ಮಾಡಿ ಕಳಿಸಿ ಅಂತ ಕೇಳಿತು, ಮಗ ಮಾಡಿಕೊಟ್ಟ.

ಆಟೋದವರ ಹತ್ತಿರ ಹೋಗಲು ನಾಚಿಕೆ ಆಯಿತು. ಶಾಲೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ನಾಲ್ಕೈದು ಆಟೋ ಸಾಲಾಗಿ ನಿಂತಿರುತ್ತವೆ, ನಾನು ಎರಡು ದಿನ ಸುಮ್ನೆ ನೋಡಿ ವಾಪಸ್ ಬಂದೆ. ಮೂರನೇ ದಿನ ಒಬ್ಬರು ತಾವೇ ‘ಏನಕ್ಕಾ, ಯಾವ ಮಗು ಬೇಕಿತ್ತು’ ಅಂತ ಕೇಳಿದರು. ಹೇಳಿದೆ. ಅವರು ಎಲ್ಲರ ಮುಂದೆ ಕೂಗಿ, ‘ಲೋ, ಸೀಬೆ ಮರದ ಮನೆಯಂತೆ ಕಣ್ರೋ, ಮಕ್ಕಳನ್ನ ಬಿಟ್ಕೋತಾರಂತೆ’ ಅಂದರು. ನಾನು ಇಂಗ್ಲಿಷ್‌ನಲ್ಲಿ ಇಟ್ಟಿದ್ದ ಹೆಸರನ್ನ ಎರಡು ಸಲ ಹೇಳಿದೆ, ಯಾರ ಬಾಯಲ್ಲೂ ನಿಲ್ಲಲಿಲ್ಲ. ಒಂದು ವಾರದಲ್ಲಿ ಎಲ್ಲರೂ ‘ಸೀಬೆಮರದ ಮನೆ’ ಅಂತಲೇ ಅನ್ನತೊಡಗಿದರು. ಈಗ ಗೇಟಿನ ಬೋರ್ಡೂ ಅದೇ. ಮಸಿ ಕೈ ಅಣ್ಣ ಹೇಳಿದ ಹಾಗೆ ಮೇಲೊಂದು ಬಲ್ಬು.

ಮೊದಲು ಬಂದದ್ದು ಒಬ್ಬಳು ಯುಕೆಜಿ ಹುಡುಗಿ, ಆಟೋದಿಂದಲೇ. ಆಮೇಲೆ ಒಬ್ಬರು ನರ್ಸ್, ದಿನದ ಲೆಕ್ಕಕ್ಕೆ. ಮೂರನೆಯದು ಹೇಳಲೇಬೇಕು. ಆರೂವರೆ ತಿಂಗಳ ಕೂಸು, ಅದರ ತಾಯಿಗೆ ರಜೆ ಮುಗಿದಿತ್ತು. ‘ನಿಮ್ಮತ್ತೆಯವರನ್ನ ಕರಕೊಂಡು ಬನ್ನಿ’ ಅಂದೆ. ಅಜ್ಜಿ ಬಂದರು, ಗುಬ್ಬಿ ಕಡೆಯವರು. ಪ್ಲಾಸ್ಟಿಕ್ ಕುರ್ಚಿಯನ್ನ ಸರಿಯಾಗಿ ಬಾಗಿಲಿನ ಎದುರಿಗೆ ಎಳೆದುಕೊಂಡು ಕೂತರು. ಕುಡಿಯುವ ನೀರು ಕಾಯಿಸ್ತೀರಾ, ಬಾಟಲಿ ಯಾರು ತೊಳೆಯೋದು, ಬೆಕ್ಕು ಬರುತ್ತಾ, ನಿಮ್ಮನೆ ಗಂಡಸರು ಎಷ್ಟು ಹೊತ್ತಿಗೆ ಬರ್ತಾರೆ, ಒಂದೊಂದೇ ಕೇಳಿದರು. ಬಚ್ಚಲುಮನೆಗೆ ಹೋಗಿ ಕಾಲಲ್ಲಿ ನೆಲ ಉಜ್ಜಿ ನೋಡಿದರು, ಜಾರುತ್ತದಾ ಅಂತ. ಜಾರುತ್ತಿತ್ತು. ನಾನೇ ಗಮನಿಸಿರಲಿಲ್ಲ. ಅವತ್ತೇ ಸಂಜೆ ರಬ್ಬರ್ ಮ್ಯಾಟ್ ತಂದು ಹಾಕಿ ಫೋಟೋ ಕಳಿಸಿದೆ. ಮಾರನೇ ದಿನ ಬೆಳಿಗ್ಗೆ ಏಳೂಕಾಲಿಗೆ ಕೂಸು ಬಂತು, ಜೊತೆಗೆ ಒಂದು ಡಬ್ಬಿ ರಾಗಿ ಸರಿ ಹಿಟ್ಟು, ‘ಅಂಗಡೀದು ಕೊಡಬೇಡಿ’ ಅಂತ ಚೀಟಿ ಅಂಟಿಸಿ. ಮುಂದಿನ ವಾರ ಅದೇ ಅಜ್ಜಿ ಅವರ ಬೀದಿಯ ಇನ್ನೊಂದು ಮನೆಯವರನ್ನ ಕಳಿಸಿದರು.

ಪಕ್ಕದ ಮನೆಯವರಿಗೆ ಫೀಸಿನ ಮಾತು ಹೇಳಿದೆ. ಎರಡು ದಿನ ಮಗು ಕಳಿಸಲಿಲ್ಲ, ಮೂರನೇ ದಿನ ಏನೂ ಆಗದವರ ಹಾಗೆ ಬಂದು ಬಿಟ್ಟು ಹೋದರು. ಈಗ ಪೂರ್ತಿ ಕೊಡುತ್ತಾರೆ.

ಒಟ್ಟು ಐದು ಮಕ್ಕಳು. ಆರಕ್ಕೆ ನಿಲ್ಲಿಸುತ್ತೇನೆ. ಯಜಮಾನರು ಮ್ಯಾಟಿನ ಸುದ್ದಿ ಎತ್ತುತ್ತಿಲ್ಲ, ನಿನ್ನೆ ಅದರ ಮೇಲೇ ಮಲಗಿದ್ದರು.

ಈಗಿನ ತಲೆನೋವು ಬೇರೆ. ಸೀಬೆ ಕಾಯಿ ಬಿಟ್ಟಿದೆ, ಯುಕೆಜಿ ಹುಡುಗಿ ದೋರೆಗಾಯನ್ನೇ ಕಿತ್ತು ಸಣ್ಣ ಕೂಸಿನ ಬಾಯಿಗೆ ಇಡಲು ನೋಡುತ್ತಾಳೆ. ಕೆಳಗಿನ ಕೊಂಬೆ ಕಡಿಸೋಣ ಅಂದರೆ ಬೋರ್ಡಿನ ಮೇಲೆ ಅದರದ್ದೇ ಚಿತ್ರ ಬರೆಸಿದ್ದೇನೆ. ಯಾರಿಗಾದರೂ ಉಪಾಯ ಗೊತ್ತಿದ್ದರೆ ಹೇಳಿ, ಒಬ್ಬ ಎದ್ದ, ಹೋಗಬೇಕು.